ಮೊಳೆಗೆ ತೂಗಿದ ತಂತಿ

ಬೈತಖೋಲದ ಪುಂಡಲೀಕ ಬಾನಾವಳಿ
ಟ್ರಾಲರುಗಳ ತಳಕ್ಕೆ ಬೆಸುಗೆ ಹಾಕುವವನು.
ಮಗಳು ಮನಾಲಿಯ ಹಲ್ಲಿಗೆ ಕ್ಲಿಪ್ಪು ಬೇಕು ಎಂದಾಗ
ಮೊದಲು ಕೇಳಿದ್ದು ಖರ್ಚಲ್ಲ:
‘ಯಾವ ಸ್ಟೀಲು ಡಾಕ್ಟ್ರೇ?
ಮುನ್ನೂರ ನಾಲ್ಕಾ, ಮುನ್ನೂರ ಹದಿನಾರಾ?’

ಕಾಜುಬಾಗದ ನನ್ನ ಕ್ಲಿನಿಕ್ಕಿನಲ್ಲಿ ಇಷ್ಟು ವರ್ಷ
ಯಾರೂ ಹಾಗೆ ಕೇಳಿರಲಿಲ್ಲ.
ತಂತಿ ನಾಲ್ಕು, ಬ್ರಾಕೆಟ್ಟು ಹದಿನಾರು, ಎಂದೆ.
ಕುರ್ಚಿ ಎಳೆದು ಹತ್ತಿರ ಕೂತ.

ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆಯೊಂದನ್ನು
ತಾನೇ ಹೊದ್ದುಕೊಳ್ಳುತ್ತದೆ,
ಗೀರಿದರೆ ಮತ್ತೆ ಹೊದೆಯುತ್ತದೆ,
ಉಪ್ಪು ಮಾತ್ರ ಹೊಂಚು ಹಾಕಿ
ಒಂದೇ ಚುಕ್ಕೆಯಲ್ಲಿ ಕೊರೆಯುತ್ತದೆ,
ಇದೆಲ್ಲ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.
‘ಬಾಯಿ ಅಂದ್ರೂ ಉಪ್ಪುನೀರೇ ಅಲ್ರಾ.
ಅದ್ರ ಮೇಲೆ ಇವಳು ಮುರುಗಲ ಶರಬತ್ತು ಬೇರೆ ಕುಡೀತಾಳೆ.’

ಅವನಿಗೆ ಗೊತ್ತಿಲ್ಲದ್ದನ್ನು ತೋರಿಸುವ ಆಸೆ ನನಗೆ.
ನಿಕ್ಕಲ್-ಟೈಟಾನಿಯಂ, ಹೊಲಿಗೆ ಸೂಜಿಗಿಂತ ಸಣ್ಣ.
ಫ್ರಿಜ್ಜಿನ ನೀರಲ್ಲಿ ಅದ್ದಿ ಬೆರಳಿಗೆ ಸುತ್ತಿದೆ.
ಸುತ್ತಿದ ಹಾಗೇ ಇತ್ತು, ಒದ್ದೆ ದಾರದಂತೆ.
ಅವನ ಚಹದ ಲೋಟಕ್ಕೆ ಇಳಿಬಿಟ್ಟೆ:
ಸರ್ರನೆ ಬಿಚ್ಚಿ ಕಮಾನಾಗಿ ನಿಂತಿತು,
ಚಹ ನನ್ನ ಕೋಟಿಗೆ.

ಪುಂಡಲೀಕ ನಗಲಿಲ್ಲ.
‘ಬಾಗಿದ ತಗಡು ನೆಟ್ಟಗೆ ಮಾಡ್ಲಿಕ್ಕೆ ನಾವು
ಎಷ್ಟು ಏಟು ಹಾಕ್ತೇವೆ ಗೊತ್ತುಂಟಾ,’ ಎಂದು
ತಂತಿ ಒರೆಸಿ, ಮತ್ತೆ ಫ್ರಿಜ್ಜಿನ ನೀರು ಕೇಳಿದ.
ನಾಲ್ಕು ಸಲ.

ಆಗ ಮನಾಲಿ ಕಿವಿ ಕೆರೆದುಕೊಂಡಳು.
ತೂತಿನ ಸುತ್ತ ಕೆಂಪು, ಹುರುಪೆ;
ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡ ಮೂವತ್ತು ರೂಪಾಯಿಯ ಓಲೆ.
ನಿಕ್ಕಲ್ ಒಗ್ಗದ ಮೈ.
ನಾನು ತಂತಿಯನ್ನು ಪೊಟ್ಟಣಕ್ಕೆ ಸೇರಿಸಿದೆ.
‘ಸ್ಟೀಲಲ್ಲೂ ಉಂಟು ಅದು, ನೂರಕ್ಕೆ ಎಂಟು,’
ಎಂದವನು ಅವನೇ.

ಹಾಗಾಗಿ ಬೀಟಾ ಟೈಟಾನಿಯಂ. ಹುಬ್ಬಳ್ಳಿಯಿಂದ ಬರಲು ಒಂದು ವಾರ.
ಸ್ಟೀಲಿನ ಅರ್ಧಕ್ಕಿಂತ ಕಡಿಮೆ ಬಿಗಿತ,
ಹೇಳಿದಷ್ಟು ಬಾಗುತ್ತದೆ, ತುಸುವೇ ಮರಳುತ್ತದೆ,
ಮೈ ಒರಟು, ಸೀಳಿನಲ್ಲಿ ಜಾರದೆ ತಡವರಿಸುತ್ತದೆ.
ಬ್ರಾಕೆಟ್ಟು ಪಿಂಗಾಣಿಯದು,
ಹಲ್ಲನ್ನೇ ಸವೆಸುವಷ್ಟು ಗಡಸು, ಆದರೆ ಬಾಗಲು ಬಾರದು,
ಬಾಗಿಸಿದರೆ ಚಟ್ಟನೆ ಮುರಿಯುತ್ತದೆ.
ಇನ್ನು ಚಿಕ್ಕಿ ಬೇಡ, ಎಂದೆ.
ಮನಾಲಿ ಮುಖ ಸಿಂಡರಿಸಿದಳು.

ಅಂಟಿಸುವ ದಿನ
ಆಮ್ಲ ಸವರಿ, ತೊಳೆದು, ಒಣಗಿಸಿದಾಗ
ಹಲ್ಲು ಸುಣ್ಣದ ಬಿಳುಪಿಗೆ ತಿರುಗಿತು.
ರಾಳದ ಚುಕ್ಕೆಯಿಟ್ಟು ನೀಲಿ ದೀಪ ಹೊತ್ತಿಸಿದ್ದೇ ತಡ
ಒಂದು ದೊಡ್ಡ ಅಂಗೈ ಬಂದು ಅವಳ ಕಣ್ಣು ಮುಚ್ಚಿತು.
ಅವನೂ ಮುಖ ತಿರುಗಿಸಿ ನಿಂತಿದ್ದ.
ಕನ್ನಡಕ ಹಾಕಿದ್ದೇನಲ್ಲ, ಎಂದೆ.
ಕೈ ತೆಗೆಯಲಿಲ್ಲ.
ಇಪ್ಪತ್ತು ಹಲ್ಲು, ಹಲ್ಲಿಗೆ ಇಪ್ಪತ್ತು ಸೆಕೆಂಡು,
ಆ ಅಂಗೈಯ ಸುಟ್ಟ ಕಲೆಗಳ ಕೆಳಗೇ ಕೆಲಸ ಮುಗಿಸಿದೆ.

ತಿಂಗಳಿಗೊಮ್ಮೆ ಬರುತ್ತಾರೆ.
ತಂತಿ ಹಿಡಿದ ಪುಟ್ಟ ಬಳೆಗಳು
ಬಂಗಡೆ ಸಾರಿನ ಅರಿಶಿನ ಕುಡಿದು ಹಳದಿ.
ಎಳೆಯುವ ರಬ್ಬರನ್ನು ದಿನಾ ಬದಲಿಸು,
ಬೆಳಗಾಗುವಷ್ಟರಲ್ಲಿ ಅದರ ಬಲ ಸೋರಿರುತ್ತದೆ, ಎನ್ನುತ್ತೇನೆ.
ಅವಳು ಬದಲಿಸುವುದಿಲ್ಲ.
ಅಪ್ಪನಿಗೆ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ.

ತೆಗೆದ ತಂತಿಯನ್ನು ಅವನು ಕೇಳಿ ಒಯ್ಯುತ್ತಾನೆ.
ಶೆಡ್ಡಿನ ಹೊರಗೆ, ಕಡಲಿಗೆ ಮುಖ ಮಾಡಿದ ಹಲಗೆಗೆ
ಮೂರು ಮೊಳೆ ಹೊಡೆದಿದ್ದಾನಂತೆ,
ಉಪ್ಪುಗಾಳಿಗೆ ಯಾವುದು ಮೊದಲು ಸೋಲುತ್ತದೋ ನೋಡಲು.
ಮಳೆಗಾಲ ಕಳೆದು ಬಂದು ವರದಿ ಒಪ್ಪಿಸಿದ:

‘ಸ್ಟೀಲಿಗೆ ಬಾಗಿದಲ್ಲೇ ಚಹದ ಬಣ್ಣದ ಚುಕ್ಕೆ.
ನಿಮ್ಮ ಮ್ಯಾಜಿಕ್ಕಿಂದು ಬಿಸಿಲೇರಿದ್ರೆ ಕಮಾನಾಗ್ತದೆ,
ಇರುಳಿಗೆ ಮೆತ್ತಗಾಗ್ತದೆ.
ಇವಳದ್ದು ಹೇಗಿತ್ತೋ ಹಾಗೇ ಉಂಟು.
ಮೊದಲಿಂದು ಕಾಗೆ ಒಯ್ತು, ಇದು ಎರಡನೇದು.’

ಬೈತಖೋಲದ ಯಾವುದೋ ತೆಂಗಿನ ತುದಿಯಲ್ಲಿ
ಕಡ್ಡಿ, ಬಲೆಯ ನೈಲಾನು, ತೆಂಗಿನ ನಾರಿನ ನಡುವೆ
ಮನಾಲಿಯ ಮೇಲ್ದವಡೆಯ ಆಕಾರ.